ನೂರೈವತ್ತು ಕರೀ ಸೌಟುಗಳು

ಯಾರಾದರೂ ಉಡುಗೊರೆ ಕೊಟ್ಟರೆ ಉಚ್ಚಂಗಮ್ಮ ಮೊದಲು ಅದಕ್ಕೆ ಬೆಂಕಿ ತಾಗಿಸಿ ನೋಡುತ್ತಿದ್ದಳು. ಕೊಟ್ಟವರ ಮೇಲಿನ ಸಿಟ್ಟಿನಿಂದಲ್ಲ. ಅದು ಕಸುಬಿನ ಚಾಳಿ. ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ತಗಡಿನ ಬೇಲಿ ಕಟ್ಟಿಕೊಂಡು ಇಪ್ಪತ್ತೆರಡು ವರ್ಷದಿಂದ ಹಳೆಯ ಪ್ಲಾಸ್ಟಿಕ್ ಕೊಂಡು, ವಿಂಗಡಿಸಿ, ಮಾರುತ್ತಿದ್ದವಳು ಅವಳು. ಯಾವ ವಸ್ತುವಾದರೂ ಸರಿ, ಅಂಚಿನಿಂದ ಉಗುರಿನಷ್ಟು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಲೈಟರ್ ತಾಗಿಸಿದರೆ ಅದರ ಕುಲಗೋತ್ರವೆಲ್ಲ ಹೊರಬೀಳುತ್ತಿತ್ತು. ತಮ್ಮನ ಮದುವೆಯಲ್ಲಿ ಬೀಗರು ಕೊಟ್ಟ ಹೂದಾನಿಯನ್ನು ಚಪ್ಪರದ ಕೆಳಗೇ ಸುಟ್ಟು, "ಹಿಂದಿನ ಜನ್ಮದಾಗೆ ಇದು ಬಕೆಟ್ಟು" ಎಂದು ಘೋಷಿಸಿದ್ದಕ್ಕೆ ಆ ಮನೆಯವರು ಎರಡು ವರ್ಷ ಮಾತು ಬಿಟ್ಟಿದ್ದರು.

ಹರಿಯಬ್ಬೆಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಕುರಿಗಾರ ಗುಡ್ಡಪ್ಪನನ್ನು ಮದುವೆಯಾಗಿದ್ದಳು. ಗುಡ್ಡಪ್ಪನ ಮೊಣಕಾಲು ಹಿಂಡಿನ ಹಿಂದೆ ನಡೆಯಲು ಒಪ್ಪದಾದಾಗ ಕುರಿ ಮಾರಿ ಇಬ್ಬರೂ ಊರು ಬಿಟ್ಟು ಪೇಟೆಗೆ ಬಂದರು. ಹೊಸ ಕಸುಬು ಅವನ ತಲೆಗೆ ಪೂರ್ತಿ ಹತ್ತಲೇ ಇಲ್ಲ. ಸಂಜೆಯಾದರೆ ಪ್ಲಾಸ್ಟಿಕ್ ತುಂಬಿದ ಚೀಲಗಳನ್ನು ಒತ್ತಾಗಿ ನಿಲ್ಲಿಸಿ, ಕೋಲಿನಿಂದ ಒಂದೊಂದನ್ನೇ ಮುಟ್ಟಿ ಎಣಿಸುತ್ತಿದ್ದ.

"ಅವು ಎದ್ದು ಓಡಿಹೋಗಲ್ಲ ಕಣಪ್ಪ" ಎಂದು ಅವಳು ಹೇಳುವಳು.

"ಓಡಿಹೋದ ಮೇಲೆ ಎಣಿಸಿ ಏನು ಪ್ರಯೋಜನ?" ಎಂದು ಅವನು ಎಣಿಕೆ ಮುಂದುವರಿಸುವನು.

ಅವಳ ದೃಷ್ಟಿಯಲ್ಲಿ ಪ್ಲಾಸ್ಟಿಕ್ ಮೂರು ಬಗೆ: ತೇಲೋದು, ಮುಳುಗೋದು, ಬೆವರೋದು. ಬೆವರೋದು ಎಂದರೆ ಮೇಜಿನ ಹಾಸು, ರೆಕ್ಸಿನ್ನು, ಮೆತ್ತನೆಯ ಗೊಂಬೆಗಳು. ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲೆಂದು ಅದರೊಳಗೆ ಎಣ್ಣೆಯಂಥದ್ದೊಂದನ್ನು ಕಲಸಿರುತ್ತಾರೆ. ಆ ಎಣ್ಣೆ ಕಲಸಿದಲ್ಲೇ ಇರುವ ಪೈಕಿಯಲ್ಲ. ಒಮ್ಮೆ ಅವಳು ಹಳೆಯ ಮೇಜಿನ ಹಾಸನ್ನು ರೇಡಿಯೋ ಡಬ್ಬದ ಮೇಲೆ ಮಡಚಿಟ್ಟು ಮರೆತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಹಾಸಿನ ಹೂಬಳ್ಳಿ ಡಬ್ಬದ ಮೈಯನ್ನೇ ಮೆತ್ತಗೆ ಮಾಡಿ ಅಚ್ಚೊತ್ತಿತ್ತು. ಮುಳುಗೋದು ಎಂದರೆ ಹಳೆಯ ಟಿವಿ, ಕಂಪ್ಯೂಟರ್‌ಗಳ ಕವಚ. ಒಳಗಿನ ತಂತಿ ಕಾದು ಮನೆಗೆ ಬೆಂಕಿ ಬೀಳದಿರಲೆಂದು ಅವಕ್ಕೆ ಬೆಂಕಿ ತಡೆಯುವ ಪುಡಿ ಬೆರೆಸಿರುತ್ತಾರೆ. ಹಾಗಾಗಿ ಅವು ತೂಕದಲ್ಲಿ ಉಳಿದವನ್ನು ಮೀರಿಸುತ್ತವೆ.

ಈ ತೂಕವನ್ನು ಅವಳು ತಕ್ಕಡಿಯಲ್ಲಿ ನೋಡುತ್ತಿರಲಿಲ್ಲ. ಅಂಗಳದಲ್ಲಿ ಒಂದು ಉಪ್ಪುನೀರಿನ ಡ್ರಮ್ಮು ಇತ್ತು. ಹಸಿ ಮೊಟ್ಟೆಯೊಂದು ತೇಲಿ ನೆತ್ತಿ ತೋರಿಸುವಷ್ಟು ಉಪ್ಪು, ಅಷ್ಟೇ. ಆ ನೀರಿಗೆ ಚೂರುಗಳನ್ನು ಸುರಿದರೆ ಸಾದಾ ಪ್ಲಾಸ್ಟಿಕ್ ಮೇಲೆ ನಿಲ್ಲುತ್ತಿತ್ತು, ಟಿವಿಯ ಸಂತಾನ ತಳ ಸೇರುತ್ತಿತ್ತು. ಹಿರಿಯೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ರಮ್ಯಾ ಒಮ್ಮೆ ತನ್ನ ಹಳೆಯ ಟಿವಿ ಕೊಡಲು ಬಂದವಳು ಈ ಡ್ರಮ್ಮನ್ನು ಕಂಡು ನಿಂತುಬಿಟ್ಟಳು.

"ಇದನ್ನ ಯಾರು ಕಲಿಸಿದ್ರು ಅಮ್ಮ ನಿಮಗೆ?"

"ಭತ್ತ" ಎಂದಳು ಉಚ್ಚಂಗಮ್ಮ. "ಮಾರಿಕಣಿವೆ ನಾಲೆ ಬಯಲಾಗೆ ಕೂಲಿಗೆ ಹೋಗ್ತಿದ್ದೆ. ಬಿತ್ತನೆಗೆ ಮುಂಚೆ ಹಿಂಗೇ ಮೊಟ್ಟೆ ಬಿಟ್ಟು, ಜೊಳ್ಳು ತೇಲಿಸಿ, ಗಟ್ಟಿ ಕಾಳು ತಳಕ್ಕೆ ಕಳಿಸ್ತಾರಲ್ಲ. ಅಲ್ಲಿ ಮುಳುಗಿದ್ದು ಒಳ್ಳೇದು, ಇಲ್ಲಿ ಮುಳುಗಿದ್ದು ಕೆಟ್ಟದ್ದು. ಅಷ್ಟೇ ವ್ಯತ್ಯಾಸ."

ರಮ್ಯಾ ಆ ದಿನ ಟಿವಿ ಮರೆತು ಒಂದು ಗಂಟೆ ಕುಳಿತು ಪಾಠ ಹೇಳಿದಳು. "ಈ ಬೆಂಕಿ ತಡೆಯೋ ಪುಡಿ ಇದೆಯಲ್ಲ, ಇದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರಲ್ಲ ಅಮ್ಮ, ಸುಮ್ಮನೆ ಜೊತೆಗಿರುತ್ತೆ ಅಷ್ಟೇ. ಧೂಳಾಗಿ ಹೊರಗೆ ಬರುತ್ತೆ. ಸುಟ್ಟರೆ ಇನ್ನೂ ಕೆಟ್ಟ ವಿಷವಾಗಿ ಹುಲ್ಲಿನ ಮೇಲೆ ಕೂರುತ್ತೆ. ಹುಲ್ಲಿಂದ ಕುರಿಗೆ, ಕೆರೆಗೆ ಹೋದರೆ ಮೀನಿಗೆ. ಮೈಯ ಕೊಬ್ಬಿನಲ್ಲಿ ಸೇರಿದರೆ ವರ್ಷಗಟ್ಟಲೆ ಏಳೋದಿಲ್ಲ. ತಾಯಿಯ ಹಾಲಿನಲ್ಲೂ ಇಳಿಯುತ್ತೆ."

"ನಮ್ಮನೆ ಚಿಕ್ಕತಿಮ್ಮಪ್ಪನ ಥರ" ಎಂದ ಗುಡ್ಡಪ್ಪ. ಚಿಕ್ಕತಿಮ್ಮಪ್ಪ ಅವನ ಷಡ್ಡಕ. ಎರಡು ದಿನಕ್ಕೆಂದು ಬಂದು ಒಂಬತ್ತು ತಿಂಗಳು ಕುಳಿತಿದ್ದ.

ಮಾರಲಾಗದ್ದನ್ನು ಬೇಲಿಯ ಹಿಂದೆ ಸುಡುವುದನ್ನು ಉಚ್ಚಂಗಮ್ಮ ಆ ವಾರವೇ ನಿಲ್ಲಿಸಿದಳು. ಲೈಟರ್ ಬಿಡಲಾಗಲಿಲ್ಲ, ಆದರೆ ಹೊಗೆಯನ್ನು ಮೂಗಿನ ತನಕ ಬರಗೊಡುತ್ತಿರಲಿಲ್ಲ. ಮುಳುಗಿದ ಚೂರುಗಳನ್ನೆಲ್ಲ ಬೇರೆ ಚೀಲಕ್ಕೆ ತುಂಬಿ ಮೂಲೆಗಿಟ್ಟಳು. ಇಂಥದ್ದನ್ನು ಪರವಾನಗಿ ಇರುವವರೇ ಒಯ್ಯಬೇಕಂತೆ, ಅವರ ಲಾರಿ ಬರುವ ತಿಂಗಳು ಬರುತ್ತದಂತೆ. ಬರುವ ತಿಂಗಳು ಎನ್ನುವುದು ಮೂರು ವರ್ಷದಿಂದ ಬರುತ್ತಲೇ ಇತ್ತು. ಯಾರೂ ಮುಟ್ಟದಿರಲೆಂದು ಅವಳು ಆ ಚೀಲದ ಬೆನ್ನಿಗೆ ಅಂಗೈ ಅಗಲ ಕೆಂಪು ಬಣ್ಣ ಬಳಿದಳು. ಎಡವಟ್ಟಾದದ್ದು ಇಲ್ಲಿಯೇ.

ಅವಳ ಮಾಲು ಹೆಚ್ಚಾಗಿ ಹೋಗುತ್ತಿದ್ದುದು ಚಿತ್ರದುರ್ಗದಲ್ಲಿ ಬಕೆಟ್ಟು, ಮಗ್ಗು, ಸೌಟು ಎರಕ ಹೊಯ್ಯುವ ಪ್ರಭುಲಿಂಗನಿಗೆ. ಅವನು ಅವಳ ಚೀಲದ ಬಾಯಿ ಬಿಚ್ಚಿ ನೋಡುತ್ತಿರಲಿಲ್ಲ. "ಉಚ್ಚಂಗಮ್ಮನ ಮಾಲು" ಎಂದರೆ ಮುಗಿಯಿತು. ಅವಳಿಗೆ ಇದ್ದ ಒಂದೇ ಒಡವೆ ಈ ಮಾತು.

ಪ್ರಭುಲಿಂಗ ಹೊಳಲ್ಕೆರೆಯಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಗಂಡಹೆಂಡಿರಿಬ್ಬರೂ ಹೋದರು. ಊಟ ಮುಗಿಸಿ ಹೊರಟಾಗ ಹೆಂಗಸರಿಗೆಲ್ಲ ಅರಿಸಿನ, ಕುಂಕುಮ, ತೆಂಗಿನಕಾಯಿ, ಜೊತೆಗೊಂದು ಕರೀ ಸೌಟು. ಪ್ರಭುಲಿಂಗ ಉಚ್ಚಂಗಮ್ಮನ ಕೈಗೆ ತಾನೇ ಕೊಟ್ಟ.

"ನಿಮ್ಮ ಮಾಲಿಂದಲೇ ಹೊಯ್ಸಿದ್ದು ಅಕ್ಕ. ಮನೆ ಕಾರ್ಯ ಅಂತ ಬೇರೆ ಒಂದು ಚೂರೂ ಬೆರೆಸಿಲ್ಲ. ಒಂದು ಚೀಲಕ್ಕೆ ಸರಿಯಾಗಿ ನೂರೈವತ್ತು ಬಂದ್ವು. ವಿಶೇಷ ಏನು ಗೊತ್ತಾ? ಬೆಂಕಿ ಹಿಡಿದ್ರೂ ಹತ್ತಲ್ಲ!"

ಉಚ್ಚಂಗಮ್ಮನ ಕೈಯಲ್ಲಿ ಸೌಟು ಭಾರವಾಯಿತು. ಮಾತಿಗೆ ಹೇಳುವ ಭಾರವಲ್ಲ, ನಿಜವಾದ ಭಾರ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಅಂಚು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಲೈಟರ್ ಹಚ್ಚಿದಳು.

"ಅಜ್ಜೀ! ಬಸ್ಸಾಗೆ ಬೀಡಿ ಸೇದಂಗಿಲ್ಲ!" ಕಂಡಕ್ಟರ್ ಕೂಗಿದ.

"ಬೀಡಿ ಅಲ್ಲಪ್ಪ, ಸೌಟು."

ಕಂಡಕ್ಟರ್ ಆಮೇಲೆ ಹಿರಿಯೂರಿನ ತನಕ ಅವಳ ಕಡೆ ಬರಲಿಲ್ಲ. ಚೂರು ಒಲ್ಲದ ಮನಸ್ಸಿನಿಂದ ಹೊತ್ತಿಕೊಂಡು, ಲೈಟರ್ ಸರಿಸಿದ ಕೂಡಲೇ ನಂದಿತು. ಕಪ್ಪು ಮಸಿಯ ಒಂದು ಎಳೆ ಕಿಟಕಿಯಾಚೆ ಹೋಯಿತು.

"ಆ ಕೆಂಪು ಚೀಲ ಎಲ್ಲೈತೆ?" ಎಂದು ಅವಳು ಗಂಡನನ್ನು ಕೇಳಿದಳು.

"ಕೊಟ್ಟೆ."

"ಯಾರಿಗೆ?"

"ಪ್ರಭುಲಿಂಗನ ಟೆಂಪೋಗೆ. ನೀನು ಶ್ರೀರಾಂಪುರಕ್ಕೆ ಹಳೇ ಸಾಮಾನು ತರಾಕೆ ಹೋಗಿದ್ಯಲ್ಲ, ಅವತ್ತು."

"ಅಯ್ಯೋ ಪುಣ್ಯಾತ್ಮ! ಕೆಂಪು ಬಳಿದಿರಲಿಲ್ವಾ ಅದಕ್ಕೆ?"

"ಅದಕ್ಕೇ ಕೊಟ್ಟೆ" ಎಂದ ಗುಡ್ಡಪ್ಪ, ಇಷ್ಟು ಸಣ್ಣ ವಿಷಯ ಬಿಡಿಸಿ ಹೇಳಬೇಕೇ ಎಂಬಂತೆ. "ಬೆನ್ನಿಗೆ ಕೆಂಪು ಬಿದ್ರೆ ಮಾರಿದ್ದು. ನಿಮ್ಮಪ್ಪನ ಹಟ್ಟಿಯಾಗೂ ಅದೇ ಪದ್ಧತಿ ಅಲ್ವೇನು?"

ಅದೇ ಪದ್ಧತಿ. ಕೊಳ್ಳುವವನು ಹಿಂಡಿನಲ್ಲಿ ಕುರಿ ಆರಿಸಿದರೆ, ಮತ್ತೆ ಕಲೆಯದಿರಲೆಂದು ಅದರ ಬೆನ್ನಿಗೆ ಕೆಮ್ಮಣ್ಣು ಹಚ್ಚುತ್ತಾರೆ. ಆಮೇಲೆ ಅವನ ಗಾಡಿ ಬಂದಾಗ ಕೇಳುವ ಮಾತೇ ಇಲ್ಲ, ಕೆಂಪಿದ್ದದ್ದನ್ನು ಹತ್ತಿಸುವುದು. ಉಚ್ಚಂಗಮ್ಮ ಚಿಕ್ಕಂದಿನಲ್ಲಿ ತಾನೇ ನೂರಾರು ಬೆನ್ನಿಗೆ ಹಚ್ಚಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು 'ಅಪಾಯ, ನಿಲ್ಲು' ಎನ್ನುವ ಹೆದ್ದಾರಿಯ ಕೆಂಪನ್ನು ಕಲಿತಿದ್ದಳು. ಅವನು ಹಟ್ಟಿಯ ಕೆಂಪನ್ನು ಬಿಟ್ಟಿರಲಿಲ್ಲ.

"ಚೀಲಕ್ಕೂ ಕುರಿಗೂ ವ್ಯತ್ಯಾಸ ಕಾಣಲ್ವಾ ನಿನಗೆ?"

"ಕಾಣತೈತೆ. ಚೀಲ ಒದೆಯಲ್ಲ."

ನೂರೈವತ್ತು ಅಡುಗೆಮನೆಗಳಲ್ಲಿ ನೂರೈವತ್ತು ಟಿವಿ ಚೂರುಗಳು ಕುದಿಯುವ ಸಾರಿನಲ್ಲಿ, ಕಾದ ಎಣ್ಣೆಯಲ್ಲಿ ತಿರುಗುತ್ತಿರುತ್ತವೆ. ತಿನ್ನುವವರಿಗೆ ಗೊತ್ತಿಲ್ಲ, ಹೊಯ್ಸಿದವನಿಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ, ಮತ್ತು ಚೀಲ ಅವಳದು. ಪ್ರತಿಯೊಂದು ಸೌಟೂ ವಾಪಸು ಬರಬೇಕು ಎಂದು ಅವಳು ಐಮಂಗಲ ದಾಟುವಷ್ಟರಲ್ಲಿ ತೀರ್ಮಾನಿಸಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಚಿತ್ರದುರ್ಗದಲ್ಲಿ ಪ್ರಭುಲಿಂಗನ ಮುಂದೆ ಕುಳಿತಿದ್ದರು. ಉಚ್ಚಂಗಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. "ಚೀಲ ನಂದು. ಬಣ್ಣ ನಂದು. ಕೊಟ್ಟವನೂ ನನ್ನವನೇ. ತಪ್ಪು ಪೂರಾ ನಮ್ಮ ಮನೇದು. ಆದ್ರೆ ಸೌಟು ನಿನ್ನ ಹೆಸರಲ್ಲಿ ಹೋಗ್ಯಾವೆ."

ಪ್ರಭುಲಿಂಗ ಬೆವರೊರೆಸಿಕೊಂಡ. "ಅರಿಸಿನ ಕುಂಕುಮದ ಜೊತೆ ಕೊಟ್ಟಿದ್ದನ್ನ ವಾಪಸ್ ಕೇಳೋದು ಹೆಂಗಕ್ಕ? ಹೊಸ ಮನೆ. ಜನ ಏನಂದಾರು?"

"ಒಂದು ಉಪಾಯ ಐತೆ" ಎಂದ ಗುಡ್ಡಪ್ಪ. "ಆ ಸೌಟಿಗೆ ಏನೋ ದೋಷ ಅಂಟೈತಂತೆ ಅಂತ ಒಂದು ಮಾತು ಹೊರಡಿಸಾಣ. ಸಂಜೆ ಒಳಗೆ ತಾವೇ ಬಿಸಾಕ್ತಾರೆ."

"ಬಿಸಾಕಿದ್ದು ಎಲ್ಲಿಗೆ ಹೋಗತೈತೆ? ತಿಪ್ಪೆಗೆ. ತಿಪ್ಪೆಗೆ ಬೆಂಕಿ ಇಡ್ತಾರೆ. ಆಮೇಲೆ ನೂರೈವತ್ತು ಮನೇ ವಿಷ ಊರಿಗೆಲ್ಲ ಆಗತೈತೆ. ನನಗೆ ಸೌಟು ಕೈಗೆ ಬರಬೇಕು. ಸುಳ್ಳು ಬೇಡ. ಒಂದು ಜೂಜು ಆಡಿಸಿದ್ರೆ ಸಾಕು, ತಾವೇ ತರ್ತಾರೆ."

ಹೊಳಲ್ಕೆರೆಯ ಸಂತೆಯ ದಿನ, ಈರುಳ್ಳಿ ಸಾಲಿನ ಕೊನೆಯಲ್ಲಿ, ನೀಲಿ ಡ್ರಮ್ಮೊಂದು ಕಾಣಿಸಿಕೊಂಡಿತು. ಅದರಲ್ಲಿ ಮೊಟ್ಟೆಯೊಂದು ನೆತ್ತಿ ತೋರಿಸಿ ತೇಲುತ್ತಿತ್ತು. ಪಕ್ಕದಲ್ಲಿ ಪ್ರಭುಲಿಂಗ ಕೊಡಿಸಿದ ಹೊಳೆಯುವ ಸ್ಟೀಲ್ ಸೌಟುಗಳ ರಾಶಿ. ಗುಡ್ಡಪ್ಪ ಕುರಿ ಕರೆಯುವ ಕಂಠದಲ್ಲಿ ಕೂಗುತ್ತಿದ್ದ:

"ಬರ್ರಿ, ಬರ್ರಿ! ನಿಮ್ಮ ಕರೀ ಸೌಟು ತಂದು ನೀರಿಗೆ ಬಿಡ್ರಿ! ತೇಲಿದ್ರೆ ಸೌಟೂ ನಿಮ್ಮದು, ನಮ್ಮ ಸ್ಟೀಲೂ ನಿಮ್ಮದು! ಮುಳುಗಿದ್ರೆ ಕರೀದು ನಮಗೆ, ಸ್ಟೀಲು ನಿಮಗೆ!"

ಎರಡು ದಾರಿಯಲ್ಲೂ ಸ್ಟೀಲ್ ಸೌಟು ಕೈಗೆ ಬರುತ್ತದೆಂಬುದನ್ನು ಸಂತೆ ಒಂದು ನಿಮಿಷದಲ್ಲಿ ಕಂಡುಕೊಂಡಿತು. ಇದರಲ್ಲಿ ಮೋಸವೆಲ್ಲಿದೆ ಎಂದು ಹುಡುಕುವುದಕ್ಕೆ ಇನ್ನೊಂದು ಗಂಟೆ ಹಿಡಿಯಿತು. ಹೆಂಗಸರು ಮನೆಗೆ ಓಡಿ ಸೌಟು ತಂದರು. ಸೌಟಿಲ್ಲದವರು ಬಾಚಣಿಗೆ ತಂದರು, ಚಪ್ಪಲಿ ತಂದರು. ಕಾಟಲಿಂಗಪ್ಪನೆಂಬ ನಿವೃತ್ತ ಮೇಷ್ಟ್ರು ಬಾಯಿಂದ ಹಲ್ಲಿನ ಸೆಟ್ಟನ್ನೇ ತೆಗೆದು ನೀರಿಗೆ ಬಿಡಲು ಹೊರಟರು.

"ಮೇಷ್ಟ್ರೇ, ಅದನ್ನ ಒಳಗೆ ಹಾಕ್ಕಳ್ರಿ. ಮುಳುಗಿದ್ರೆ ಸ್ಟೀಲಿನ ಹಲ್ಲು ನಮ್ಮ ಹತ್ರ ಇಲ್ಲ" ಎಂದಳು ಉಚ್ಚಂಗಮ್ಮ.

ಗೃಹಪ್ರವೇಶದ ಸೌಟುಗಳು ಒಂದಾದ ಮೇಲೊಂದು, ಯಾವ ತಕರಾರೂ ಇಲ್ಲದೆ, ತಳಕ್ಕೆ ಹೋದವು. ಜೂಜಿನ ಆಸೆ ತೋರಿಸಿ ಕರೆದವಳು ಕಳಿಸುವಾಗ ಸತ್ಯ ಹೇಳಿ ಕಳಿಸಿದಳು: "ಇದು ಟಿವಿ ಡಬ್ಬದ ಪ್ಲಾಸ್ಟಿಕ್ಕು ಕಣಮ್ಮ. ಬೆಂಕಿ ತಡೆಯಾಕೆ ಔಷಧಿ ಹಾಕಿರೋದು. ಬಿಸಿ ಎಣ್ಣೆಗೆ ಇಟ್ರೆ ಔಷಧಿ ಪಲ್ಯಕ್ಕೆ ಇಳಿತೈತೆ. ನನ್ನ ಕೈತಪ್ಪಿ ಆಗಿದ್ದು."

ಹೋಟೆಲಿನ ಚಂದ್ರಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಅದಕ್ಕೇ ಏನೋ, ವಾರದಿಂದ ನಮ್ಮ ಸಾರು ಧಾರಾವಾಹಿ ಥರ ಎಳೀತಾನೇ ಐತೆ, ಮುಗೀತಾನೇ ಇಲ್ಲ!"

ಎರಡು ಸಂತೆ ಮುಗಿಯುವಷ್ಟರಲ್ಲಿ ಉಚ್ಚಂಗಮ್ಮನದೂ ಸೇರಿ ನೂರನಲವತ್ತೊಂಬತ್ತು ಸೌಟು ಚೀಲಕ್ಕೆ ಬಿದ್ದವು. ಗುಡ್ಡಪ್ಪ ಕೋಲು ಮುಟ್ಟಿಸಿ ಮೂರು ಸಲ ಎಣಿಸಿದ. ಹಿಂಡಿನಲ್ಲಿ ಒಂದು ಕಡಿಮೆ.

"ಅದು ಎಲ್ಲೈತೆ ಅಂತ ನನಗೆ ಗೊತ್ತು" ಎಂದ ಪ್ರಭುಲಿಂಗ ನೆಲ ನೋಡುತ್ತ. "ನಮ್ಮ ಮನೇಲೇ. ಅವ್ವ ಕೊಡ್ತಿಲ್ಲ. 'ನನ್ನ ಸೌಟು ಕೇಳಾಕೆ ನೀನ್ಯಾವನೋ' ಅಂದ್ಲು."

ಪ್ರಭುಲಿಂಗನ ತಾಯಿ ಅನ್ನಪೂರ್ಣಮ್ಮನಿಗೆ ಎಂಬತ್ತೆರಡು. ಉಚ್ಚಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದಾಗ ಆಕೆ ಕಾದ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದಳು. ಪ್ರಭುಲಿಂಗನ ಮಗಳು ಮೋನಿಕಾ ಎರಡು ತಿಂಗಳ ಬಾಣಂತಿ, ಅವಳಿಗೆ ಅಂಟಿನುಂಡೆ. ಹುರಿಯುತ್ತಿದ್ದುದು ಕರೀ ಸೌಟಿನಲ್ಲಿ. ಅದರ ತುದಿ ಬಾಗಿ, ಅಂಚು ಅರ್ಧ ಇಂಚು ಇಲ್ಲವಾಗಿತ್ತು.

"ಆ ಅಂಚು ಎಲ್ಲಿ ಹೋತವ್ವ?" ಎಂದಳು ಉಚ್ಚಂಗಮ್ಮ.

"ಸವೆದೈತೆ."

"ಸವೆದು ಎಲ್ಲಿಗೆ ಹೋತು?"

ಅನ್ನಪೂರ್ಣಮ್ಮ ತಟ್ಟೆಯಲ್ಲಿದ್ದ ಉಂಡೆಗಳನ್ನು ಒಮ್ಮೆ ನೋಡಿ, ನೋಡಲಿಲ್ಲವೆಂಬಂತೆ ಸೆರಗು ಸರಿಪಡಿಸಿಕೊಂಡಳು. ತಪ್ಪು ಅರ್ಥವಾಗದ ಹೆಂಗಸಲ್ಲ. ಮಗ ಹೇಳಿದ್ದನ್ನು ಒಪ್ಪಿ ರೂಢಿಯಿಲ್ಲ, ಅಷ್ಟೇ.

"ಸಂತೇಲಿ ಜೂಜು ಆಡಿಸಿದ್ಯಂತೆ. ನನ್ನ ಕೂಡಾನೂ ಆಡು. ಮುಳುಗಿದ್ರೆ ಸೌಟು ತಗಂಡು ಹೋಗು. ತೇಲಿದ್ರೆ ನೀನಾಗಲಿ, ನನ್ನ ಮಗನಾಗಲಿ, ಮತ್ತೆ ಈ ಸೌಟಿನ ಸುದ್ದಿ ಎತ್ತಬಾರದು."

"ಆತು" ಎಂದು ಉಚ್ಚಂಗಮ್ಮ ಸೊಂಟದ ಸಂಚಿಯಿಂದ ಮೊಟ್ಟೆ ತೆಗೆದಳು.

"ಏಯ್! ಈ ಮನೆಗೆ ಮೊಟ್ಟೆ ಬಂದ್ರೆ ನಾನು ಹೊರಗೆ ಹೋಗ್ತೀನಿ!"

ಇಪ್ಪತ್ತೆರಡು ವರ್ಷದಲ್ಲಿ ಮೊಟ್ಟೆ ಇಲ್ಲದೆ ಉಪ್ಪು ನೋಡಿದವಳಲ್ಲ ಉಚ್ಚಂಗಮ್ಮ. ಮೂಲೆಯ ಬುಟ್ಟಿಯಲ್ಲಿ ಆಲೂಗಡ್ಡೆ ಕಂಡಿತು. ಒಂದನ್ನು ಕೊಳಗದ ನೀರಿಗೆ ಬಿಟ್ಟು, ಹಿಡಿಹಿಡಿ ಉಪ್ಪು ಹಾಕಿ ಕಲಕುತ್ತ ಹೋದಳು. ಆಲೂಗಡ್ಡೆ ತಳ ಬಿಟ್ಟು, ತೂಗಾಡಿ, ಕೊನೆಗೆ ನಾಲ್ಕಾಣೆಯಷ್ಟು ನೆತ್ತಿ ತೋರಿಸಿ ನಿಂತಿತು.

ಅಷ್ಟರಲ್ಲಿ ಒಳಕೋಣೆಯಲ್ಲಿ ಮಗು ಅತ್ತಿತು. "ಅಮ್ಮಾ, ಒಂದು ನಿಮಿಷ ಬರ್ತೀರಾ?" ಎಂದು ಮೋನಿಕಾ ಕರೆದಳು. ಹಾಸಿಗೆಯ ಮೇಲೆ ಬಾತುಕೋಳಿ ಚಿತ್ರದ ಮೆತ್ತನೆಯ ಪ್ಲಾಸ್ಟಿಕ್ ಹಾಸು. ಮಗುವಿನ ಬೆನ್ನಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಉಚ್ಚಂಗಮ್ಮ ಅದನ್ನು ಎರಡು ಬೆರಳಿನಲ್ಲಿ ಉಜ್ಜಿ, ಬೆರಳ ಜಿಡ್ಡನ್ನು ಅವಳಿಗೆ ತೋರಿಸಿದಳು.

"ಇದು ಬೆವರೋ ಜಾತೀದು. ಮೆತ್ತಗೆ ಇರಲಿ ಅಂತ ಹಾಕಿದ ಎಣ್ಣೆ ಹೊರಗೆ ಬರ್ತಾ ಐತೆ. ಕೂಸಿನ ಮೈಗೆ ಇದ್ಯಾಕೆ? ಹಳೇ ಸೀರೆ ನಾಕು ಮಡಿಕೆ ಮಾಡಿ ಹಾಸು. ನೆನೆದ್ರೆ ಒಗಿ."

ಅವಳು ಅಡುಗೆಮನೆಗೆ ಮರಳಿದಾಗ ಕರೀ ಸೌಟು ಕೊಳಗದಲ್ಲಿ ತೇಲುತ್ತಿತ್ತು.

ಅನ್ನಪೂರ್ಣಮ್ಮ ಗೋಡೆಗೊರಗಿ ಕುಳಿತು ದೇವರ ನಾಮದಂಥದ್ದೇನನ್ನೋ ಗುನುಗುತ್ತಿದ್ದಳು. "ತೇಲ್ತಲ್ಲ" ಎಂದಳು ಮೃದುವಾಗಿ.

ಉಚ್ಚಂಗಮ್ಮ ಕೊಳಗದ ಮುಂದೆ ಕುಕ್ಕರಿಸಿದಳು. ನೂರನಲವತ್ತೊಂಬತ್ತು ಮುಳುಗಿದ್ದವು. ಅದೇ ಚೀಲ, ಅದೇ ಅಚ್ಚು. ಕೊಟ್ಟ ಮಾತು ಮಾತೇ. ಈ ಸೌಟು ಇಲ್ಲೇ ಉಳಿದು, ಇನ್ನರ್ಧ ಇಂಚು ಬಾಣಂತಿಯ ಉಂಡೆಗೆ ಹೋಗುತ್ತದೆ. ಆಮೇಲೆ ಅವಳ ಕಣ್ಣು ಸೌಟು ಬಿಟ್ಟು ಆಲೂಗಡ್ಡೆಯ ಮೇಲೆ ಬಿತ್ತು. ನೆತ್ತಿಯಷ್ಟೇ ತೋರಿಸುತ್ತಿದ್ದ ಆಲೂಗಡ್ಡೆ ಈಗ ಜೋಗಿಮಟ್ಟಿ ಗುಡ್ಡದಂತೆ ಎದೆ ತನಕ ನೀರಿನ ಮೇಲೆ ಎದ್ದಿತ್ತು.

"ಅವ್ವ, ಈ ಆಲೂಗಡ್ಡೆ ಯಾಕೆ ಇಷ್ಟು ಎದ್ದೈತೆ?"

"ನೀನು ತಂದು ಬಿಟ್ಟ ಆಲೂಗಡ್ಡೆ, ನನ್ನ ಕೇಳ್ತೀಯಾ?"

"ನಿಮ್ಮ ಬಲಗೈ ತೋರಿಸ್ರಿ."

"ಯಾಕೆ, ಶಾಸ್ತ್ರ ಹೇಳ್ತೀಯಾ?"

ಬಳೆಗಳ ಸಂದಿನಲ್ಲಿ ಒದ್ದೆ ಉಪ್ಪು ಬೆಳ್ಳಗೆ ಅಂಟಿಕೊಂಡಿತ್ತು. ಉಪ್ಪಿನ ಡಬ್ಬಿ ಖಾಲಿಯಾಗಿ ಒಲೆಯ ಹಿಂದೆ ಅಡಗಿತ್ತು. ಉಚ್ಚಂಗಮ್ಮ ಚೊಂಬಿನಲ್ಲಿ ಸಿಹಿನೀರು ತಂದು ಕೊಳಗಕ್ಕೆ ಸುರಿದು ಕಲಕಿದಳು. ಒಂದು ಚೊಂಬಿಗೆ ಆಲೂಗಡ್ಡೆ ಎದೆಯಿಂದ ಕುತ್ತಿಗೆಗೆ ಇಳಿಯಿತು. ಎರಡನೆಯದಕ್ಕೆ ನೆತ್ತಿಗೆ ಬಂತು. ಸೌಟು ಮೊದಲು ಹೊಟ್ಟೆ ತಗ್ಗಿಸಿತು, ಆಮೇಲೆ ಹಿಡಿ ಎತ್ತಿತು, ಕೊನೆಗೆ ಹಿಡಿಯ ಸಮೇತ ಸದ್ದಿಲ್ಲದೆ ತಳ ಸೇರಿತು.

ಇಬ್ಬರೂ ಕೊಳಗದ ಮೇಲೆ ಬಾಗಿ ನೋಡಿದರು. ಅನ್ನಪೂರ್ಣಮ್ಮನ ಭುಜ ಮೊದಲು ಅಲುಗಿತು, ಆಮೇಲೆ ನಗು ಹೊರಬಿತ್ತು.

"ಕಳ್ಳಿ! ಅರವತ್ತು ವರ್ಷದಿಂದ ಉಪ್ಪು ಹಾಕ್ತಾ ಇದೀನಿ, ಹೆಚ್ಚಾತು ಅಂತ ಇವತ್ತಿನ ತನಕ ಒಬ್ಬರೂ ಹಿಡಿದಿರಲಿಲ್ಲ." ಆಕೆ ಎದ್ದು ತಟ್ಟೆಯ ಉಂಡೆಗಳನ್ನು ಅಷ್ಟೂ ಕಸದ ಬುಟ್ಟಿಗೆ ಸುರಿದಳು. "ತಗಂಡು ಹೋಗು ನಿನ್ನ ಟಿವಿ. ಸ್ಟೀಲು ಬೇಡ ನನಗೆ, ಬಾಂಡ್ಲಿ ಕೆರೆದ್ರೆ ಹಲ್ಲು ಜುಂ ಅಂತವೆ. ಮರದ್ದು ತಂದುಕೊಡು."

ಮರದ ಸೌಟು ಎರಡೇ ದಿನದಲ್ಲಿ ಹೋಯಿತು. ಪ್ರಭುಲಿಂಗ ಈಗ ಉಚ್ಚಂಗಮ್ಮನ ಚೀಲದ ಬಾಯಿಯನ್ನೂ ಬಿಚ್ಚಿ ನೋಡುತ್ತಾನೆ. ಅವನ ಕಾರ್ಖಾನೆಯಲ್ಲೂ ಒಂದು ಉಪ್ಪುನೀರಿನ ಡ್ರಮ್ಮಿದೆ. ಇದರಿಂದ ಅವಳಿಗೆ ಅವಮಾನವಾಗಿದೆ, ಅದು ಸರಿಯೆಂದು ಗೊತ್ತೂ ಇದೆ. ಪರವಾನಗಿಯ ಲಾರಿ ಇನ್ನೂ ಬಂದಿಲ್ಲ. ನೂರೈವತ್ತು ಸೌಟುಗಳ ಚೀಲ ತಗಡಿನ ಮೂಲೆಯಲ್ಲಿ, ಯಾವ ಬಣ್ಣವೂ ಇಲ್ಲದೆ, ಗೂಟಕ್ಕೆ ಕುರಿ ಹಗ್ಗದಿಂದ ಕುತ್ತಿಗೆ ಕಟ್ಟಿಸಿಕೊಂಡು ನಿಂತಿದೆ. ಕಟ್ಟಿದ್ದನ್ನು ಮಾರುವುದಿಲ್ಲ ಎಂಬುದು ಗುಡ್ಡಪ್ಪನಿಗೆ ಅರ್ಥವಾಗುತ್ತದೆ. ಸಂಜೆ ಎಣಿಸುವಾಗ ಅದಕ್ಕೆ ಕೋಲು ಕೊಂಚ ಜೋರಾಗಿಯೇ ತಾಗುತ್ತದೆ.

ಮುಂದಿನ ವಾರ ಪ್ರಭುಲಿಂಗನ ಟೆಂಪೋದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ಒಳಗೆ ಹೊಸದಾಗಿ ಕಟ್ಟಿದ ಅಂಟಿನುಂಡೆ. ಅವ್ವ ಕಳಿಸಿದ್ದು, ಉಪ್ಪು ಸರಿಯಾಗಿ ಹಾಕಿದ್ದಾಳಂತೆ ಎಂದು ಡ್ರೈವರ್ ಹೇಳಿದ. ಅಂಟಿನುಂಡೆಗೆ ಉಪ್ಪು ಯಾಕೆಂದು ಅವನಿಗೂ ತಿಳಿದಿರಲಿಲ್ಲ.

ಗುಡ್ಡಪ್ಪ ಒಂದನ್ನು ಕೈಗೆತ್ತಿಕೊಂಡು ಅನುಮಾನದಿಂದ ತಿರುಗಿಸಿದ. "ಯಾವ ಸೌಟಲ್ಲಿ ಹುರಿದಿದ್ದು ಇದು?"

"ಮರದ್ದು. ತಿನ್ನು" ಎಂದು ಉಚ್ಚಂಗಮ್ಮ ಉಂಡೆಗಳನ್ನೆಲ್ಲ ಅವನ ತಟ್ಟೆಗೆ ಸುರಿದಳು. ಆಮೇಲೆ ಖಾಲಿ ಡಬ್ಬಿಯ ಮುಚ್ಚಳದ ಅಂಚು ಉಗುರಿನಷ್ಟು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಲೈಟರ್ ತಾಗಿಸಿದಳು.

ಚೆನ್ನಾಗಿ ಉರಿಯಿತು.